ಹೊಲಕ್ಕೆಂದು ತಂದ ಏರ್ ಗನ್, ಸೂಟಿಗೆ ಮನೆ ತುಂಬ ಮಕ್ಕಳು: ಏನು ಮಾಡುವುದು?

ಬೆಟಗೇರಿ ಅಕ್ಕ (ಗದಗ)

ನಮಸ್ಕಾರ ಎಲ್ಲರಿಗೂ. ನನ್ನ ತವರು ಲಕ್ಷ್ಮೇಶ್ವರದ ಹತ್ತಿರದ ಹಳ್ಳಿ. ಅಣ್ಣ ಈ ವರ್ಷ ಮಂಗಗಳನ್ನು ಓಡಿಸಲು ಏರ್ ಗನ್ ತಂದಿದ್ದಾರೆ. ಶೇಂಗಾ ಬಿಡುವುದಿಲ್ಲ, ಗೋವಿನಜೋಳ ಬಿಡುವುದಿಲ್ಲ, ಅವರ ಕಷ್ಟ ನನಗೂ ಗೊತ್ತು. ಆದರೆ ಆ ಗನ್ ಪಡಸಾಲೆಯ ಗೂಟಕ್ಕೆ ನೇತಾಡುತ್ತಿರುತ್ತದೆ. ಗುಂಡಿನ ಡಬ್ಬಿ ಅದರ ಕೆಳಗಿನ ಗೂಡಿನಲ್ಲೇ ಇರುತ್ತದೆ.

ಏಪ್ರಿಲ್ ಸೂಟಿಗೆ ನನ್ನ ಇಬ್ಬರು, ತಂಗಿಯ ಮಗ, ಅಣ್ಣನ ಮಕ್ಕಳು ಎಲ್ಲ ಅಲ್ಲೇ ಸೇರುತ್ತಾರೆ. ಎಲ್ಲಕ್ಕಿಂತ ಚಿಕ್ಕದಕ್ಕೆ 5 ವರ್ಷ, ದೊಡ್ಡವನಿಗೆ 11. "ಅದನ್ನು ತಿಜೋರಿಯಲ್ಲಿ ಇಡು" ಅಂದರೆ ಅಣ್ಣ ನಗುತ್ತಾರೆ. "ಗಾಳಿ ಬಂದೂಕು ಅದು. ಬಿದ್ದರೆ ಚುರ್ ಅಂದೀತು, ಅಷ್ಟೇ. ಲೈಸೆನ್ಸ್ ಕೂಡ ಬೇಡ ಅಂದಿದ್ದಾರೆ ಅಂಗಡಿಯವರು" ಅಂತಾರೆ.

ನಿಜವಾಗಿಯೂ ಬರೀ ಚುರ್ ಅನ್ನುವಷ್ಟೇನಾ? ಗೊತ್ತಿರುವವರು ಬಿಡಿಸಿ ಹೇಳಿ. ಹೇಳಿದ್ದನ್ನು ಅವರ ಮುಂದೆ ಓದಿ ತೋರಿಸುತ್ತೇನೆ. ನಾನು ಹೇಳಿದರೆ "ನಿನಗೇನು ಗೊತ್ತು" ಅಂತಾರೆ.

ಬ್ಯಾಡಗಿ ರೈತ (ಹಾವೇರಿ ಜಿಲ್ಲೆ)

ಅಕ್ಕಾರೇ, ನಮ್ಮ ಮನೆಯಲ್ಲೂ ಏರ್ ಗನ್ ಇದೆ. ತಂದು ಬಹಳ ವರ್ಷವಾಯಿತು. ಇದುವರೆಗೆ ಏನೂ ಆಗಿಲ್ಲ. ಮಕ್ಕಳಿಗೆ "ಮುಟ್ಟಬೇಡಿ" ಅಂತ ಹೇಳಿದ್ದೇವೆ, ಮುಟ್ಟುವುದಿಲ್ಲ. ಪಟ್ಟಣದವರು ಸುಮ್ನೆ ಗಾಬರಿ ಆಗುತ್ತಾರೆ. ಒಂದು ಹಿಂಡು ಮಂಗ ಬಂದರೆ ಬೆಳಗಾಗುವುದರೊಳಗೆ ಎಷ್ಟು ತೆನೆ ಹೋಗುತ್ತವೆ ಅಂತ ಹೊಲ ಮಾಡುವವರಿಗೆ ಗೊತ್ತು. ಮಂಗಕ್ಕೆ ಹೊಡೆಯುವುದಿಲ್ಲ, ಸಪ್ಪಳಕ್ಕೇ ಓಡುತ್ತವೆ. ನಿಮ್ಮ ಅಣ್ಣನಿಗೆ ಬೈಯಬೇಡಿ.

ಸಪ್ತಾಪುರ ಶೂಟರ್ (ಧಾರವಾಡ)

ನಾನು ಹತ್ತು ಮೀಟರ್ ಏರ್ ರೈಫಲ್ ಕಲಿತವನು. ಈಗ ಹುಡುಗರಿಗೆ ಕಲಿಸುತ್ತೇನೆ. ಏರ್ ಗನ್ ಮೇಲೆ ನನಗೆ ಪ್ರೀತಿ ಇದೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಜಾಸ್ತಿ ಸಿಗುವುದು ನಳಿಗೆ ಮಡಚುವ ಗನ್. ನಳಿಗೆಯನ್ನು ಕೆಳಗೆ ಬಗ್ಗಿಸಿದಾಗ ಒಳಗಿನ ದೊಡ್ಡ ಸ್ಪ್ರಿಂಗ್ ಹಿಂದಕ್ಕೆ ಸರಿದು ಬಿಗಿಯಾಗಿ ನಿಲ್ಲುತ್ತದೆ. ಟ್ರಿಗರ್ ಒತ್ತಿದರೆ ಸ್ಪ್ರಿಂಗ್ ಮುಂದಕ್ಕೆ ಚಿಮ್ಮಿ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಗುಂಡನ್ನು ತಳ್ಳುತ್ತದೆ. 4.5 ಮಿಲಿಮೀಟರ್‌ನ ಸೀಸದ ಗುಂಡಿನ ತೂಕ ಹೆಚ್ಚುಕಡಿಮೆ ಅರ್ಧ ಗ್ರಾಂ. ಅದು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಗಂಟೆಗೆ 720 ಕಿಲೋಮೀಟರ್ ಆಯಿತು. ಶಕ್ತಿ ಸುಮಾರು 10 ಜೂಲ್. ಆ ಶಕ್ತಿಯೆಲ್ಲ ಒಂದು ಬೇಳೆಕಾಳಿನಷ್ಟು ಜಾಗದ ಮೇಲೆ ಬೀಳುತ್ತದೆ. ಚುರ್ ಅನ್ನುವುದಲ್ಲ, ಒಳಗೆ ಹೋಗುತ್ತದೆ.

ಲೈಸೆನ್ಸ್ ವಿಷಯ. 2016ರ ಆಯುಧ ನಿಯಮಗಳ ಪ್ರಕಾರ 20 ಜೂಲ್‌ಗಿಂತ ಜಾಸ್ತಿ ಶಕ್ತಿ ಅಥವಾ 0.177 ಇಂಚಿಗಿಂತ (ಅಂದರೆ ಅದೇ 4.5 ಮಿಲಿಮೀಟರ್) ದೊಡ್ಡ ತೂತಿನ ನಳಿಗೆ ಇದ್ದರೆ ಲೈಸೆನ್ಸ್ ಬೇಕು. ಅದರೊಳಗಿದ್ದರೆ ಬೇಡ. ಆದರೆ 20 ಜೂಲ್ ಅಂದರೆ ಏನು ಕಡಿಮೆಯೇ? ಅದೇ ಅರ್ಧ ಗ್ರಾಂ ಗುಂಡು ಸೆಕೆಂಡಿಗೆ 270 ಮೀಟರ್ ದಾಟುತ್ತದೆ. ಸರ್ಕಾರ ಕಾಗದ ಕೇಳುವುದಿಲ್ಲ ಅಂದ ಮಾತ್ರಕ್ಕೆ ಅದು ಮಕ್ಕಳ ಕೈಗೆ ಕೊಡುವ ವಸ್ತು ಆಗುವುದಿಲ್ಲ. ಈ ಎರಡನ್ನೂ ಜನ ಒಂದೇ ಅಂದುಕೊಂಡಿದ್ದಾರೆ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಇನ್ನೊಂದು ಮಾತು. ನಳಿಗೆ ಮಡಚಿ, ಗುಂಡು ಹಾಕಿ, ಮತ್ತೆ ಮುಚ್ಚಿಬಿಟ್ಟರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಖಾಲಿ ಗನ್ನೂ ತುಂಬಿದ ಗನ್ನೂ ಒಂದೇ ಥರ ಕಾಣುತ್ತವೆ. ಮಂಗ ಬಂತೆಂದು ತುಂಬಿಟ್ಟು, ಅದು ಓಡಿಹೋಯಿತೆಂದು ಹಾಗೇ ಗೂಟಕ್ಕೆ ಹಾಕುತ್ತಾರಲ್ವಾ, ಮರುದಿನ ಮಗು ಇಳಿಸುವುದು ಆ ಗನ್ನನ್ನು. ಮಡಚಲು ಮಗುವಿಗೆ ಬಲ ಸಾಲದು, ನಿಜ. ಟ್ರಿಗರ್ ಒತ್ತಲು ಬಲವೇ ಬೇಕಾಗಿಲ್ಲ.

ಉಣಕಲ್ ಸಿಸ್ಟರ್ (ಹುಬ್ಬಳ್ಳಿ)

ಕಣ್ಣಿನ ವಾರ್ಡಿನಲ್ಲಿ ಕೆಲಸ ಮಾಡಿದ ನರ್ಸ್ ನಾನು. ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ, ಮಕ್ಕಳ ವಿಷಯ.

ಗುಂಡು ಮೈಯಲ್ಲಿ ಎಲ್ಲಿ ಬಿದ್ದರೂ ಕೆಟ್ಟದ್ದೇ, ಆದರೆ ಕಣ್ಣಿನ ಲೆಕ್ಕ ಬೇರೆ. ಚರ್ಮ ಸೀಳಲು ಬೇಕಾದುದಕ್ಕಿಂತ ಕಡಿಮೆ ವೇಗದಲ್ಲೇ ಕಣ್ಣುಗುಡ್ಡೆ ಸೀಳುತ್ತದೆ. ದೂರದಿಂದ ಬಂದು ಕೆನ್ನೆಗೆ ಬರೀ ಕೆಂಪು ಕಲೆ ಮಾಡುವ ಗುಂಡು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು.

ಎರಡು ರೀತಿ ನೋಡಿದ್ದೇನೆ. ಒಂದು, ಗುಡ್ಡೆ ಒಡೆಯುವುದು. ಕಣ್ಣಿನ ಕರಿಗುಡ್ಡೆ ಗುಂಡಗಿರುವ ಬದಲು ನೀರಿನ ಹನಿಯ ಹಾಗೆ ಒಂದು ಕಡೆ ಎಳೆದಂತೆ ಕಾಣುತ್ತದೆ. ಅದನ್ನು ಕಂಡರೆ ನಮಗೆ ಎದೆ ಧಸಕ್ ಅನ್ನುತ್ತದೆ. ಎರಡನೆಯದು, ಗುಡ್ಡೆ ಒಡೆಯದೆ ಒಳಗೇ ಪೆಟ್ಟಾಗುವುದು. ಮಗುವನ್ನು ಕೂರಿಸಿ ಟಾರ್ಚ್ ಹಾಕಿದರೆ ಕರಿಗುಡ್ಡೆಯ ಮುಂದೆ, ಕೆಳಭಾಗದಲ್ಲಿ, ಲೋಟದ ತಳದಲ್ಲಿ ನಿಂತ ಕುಂಕುಮದ ನೀರಿನ ಹಾಗೆ ರಕ್ತ ಮಟ್ಟವಾಗಿ ನಿಂತಿರುತ್ತದೆ. ಮಲಗಿಸಿದರೆ ಹರಡುತ್ತದೆ. ಇದು ನಾಲ್ಕೈದು ದಿನದೊಳಗೆ ಮತ್ತೆ ಸೋರಬಹುದು, ಎರಡನೇ ಸಲ ಸೋರಿದ್ದು ಮೊದಲಿನದಕ್ಕಿಂತ ಕೆಟ್ಟದಾಗಿರುತ್ತದೆ. ಅದಕ್ಕೇ ಮಗುವನ್ನು ಓಡಾಡಲು ಬಿಡುವುದಿಲ್ಲ, ತಲೆ ಎತ್ತರ ಮಾಡಿ ಮಲಗಿಸುತ್ತೇವೆ.

ವಾಸಿ ಆಯಿತು ಅಂತ ಮನೆಗೆ ಹೋದವರು ಮತ್ತೆ ತೋರಿಸಲು ಬರುವುದೇ ಇಲ್ಲ. ಇದನ್ನು ಎಲ್ಲರೂ ದಯವಿಟ್ಟು ಓದಿ. ಪೆಟ್ಟು ತಿಂದ ಕಣ್ಣಿಗೆ ವರ್ಷಗಟ್ಟಲೆ ನಂತರವೂ ಒಳಒತ್ತಡ ಏರಬಹುದು, ಪೊರೆ ಬರಬಹುದು, ಹಿಂದಿನ ಪರದೆ ಬಿಚ್ಚಬಹುದು. ನೋವೇ ಇರುವುದಿಲ್ಲ. ಇನ್ನು ಏಳೆಂಟು ವರ್ಷದೊಳಗಿನ ಮಕ್ಕಳಿಗೆ ಮತ್ತೊಂದು ತೊಂದರೆ. ಆ ವಯಸ್ಸಿನಲ್ಲಿ ಮಿದುಳು ಇನ್ನೂ ನೋಡುವುದನ್ನು ಕಲಿಯುತ್ತಿರುತ್ತದೆ. ಒಂದು ಕಣ್ಣು ಕೆಲವು ತಿಂಗಳು ಮಸುಕಾದರೆ ಮಿದುಳು ಆ ಕಣ್ಣನ್ನು ಬಿಟ್ಟೇಬಿಡುತ್ತದೆ. ಆಮೇಲೆ ಕಣ್ಣು ಸರಿಮಾಡಿದರೂ ದೃಷ್ಟಿ ಪೂರ್ತಿ ಬರುವುದಿಲ್ಲ. ದೊಡ್ಡವರಿಗೆ ಹೀಗೆ ಆಗುವುದಿಲ್ಲ. 5 ವರ್ಷದ ಕೂಸಿಗೆ ಆಗುತ್ತದೆ.

ಬ್ಯಾಡಗಿ ಅಣ್ಣಾರೇ, ನಿಮ್ಮ ಬೆಳೆ ಹಾಳಾಗುವುದು ಸಣ್ಣ ಮಾತಲ್ಲ. ಗನ್ ಇಟ್ಟುಕೊಳ್ಳಬೇಡಿ ಅಂತ ನಾನು ಹೇಳುತ್ತಿಲ್ಲ. ಗೂಟಕ್ಕೆ ಹಾಕಬೇಡಿ.

ರೈಲ್ವೆ ಕ್ವಾರ್ಟರ್ಸ್ (ಹುಬ್ಬಳ್ಳಿ)

ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಗೋಲಿ ಹಾರಿಸುವ ಗನ್ ಪರವಾಗಿಲ್ಲ ಅಲ್ವಾ? ಮಗನಿಗೆ ಸಿದ್ಧಾರೂಢ ಮಠದ ಜಾತ್ರೆಯಲ್ಲಿ ಕೊಡಿಸಿದ್ದೆ.

ಉಣಕಲ್ ಸಿಸ್ಟರ್

ಅದರ ಗೋಲಿ ಮೈಯೊಳಗೆ ಹೊಕ್ಕುವುದು ಅಪರೂಪ. ಆದರೆ ಕಣ್ಣಿಗೆ ಬಿದ್ದರೆ ನಾನು ಮೇಲೆ ಹೇಳಿದ ಎರಡನೇ ರೀತಿಯ ಪೆಟ್ಟು ಆಗುತ್ತದೆ. ಗೋಲಿ ತೆಗೆದು ಎಸೆದುಬಿಡಿ, ಬರೀ ಗನ್ ಆಡಲಿ. ದೀಪಾವಳಿಗೆ ಪೈಪಿನಲ್ಲಿ ಕಾರ್ಬೈಡ್ ಹಾಕಿ ಹೊಡೆಯುವ ಗನ್ ಇದೆಯಲ್ಲ, ಅದನ್ನಂತೂ ಮನೆಯೊಳಗೆ ಬಿಡಬೇಡಿ. 2025ರ ದೀಪಾವಳಿಯಲ್ಲಿ ಭೋಪಾಲ್ ಸುತ್ತಮುತ್ತ ಅದರಿಂದ ಎಷ್ಟೊಂದು ಮಕ್ಕಳು ಕಣ್ಣಿನ ಆಸ್ಪತ್ರೆ ಸೇರಿದರು ಅಂತ ಎಲ್ಲ ಪತ್ರಿಕೆಯಲ್ಲೂ ಬಂದಿತ್ತು. ಮಂಗ ಓಡಿಸಲು ಹೊಲದಲ್ಲಿ ಬಳಸುತ್ತಿದ್ದ ಪೈಪನ್ನೇ ಮಕ್ಕಳಿಗೆ ಪಟಾಕಿ ಅಂತ ಮಾರಿದ್ದರು.

ಹಾನಗಲ್ ಮಾಸ್ತರ್

ಇಷ್ಟು ದಿನ ಓದಿ ಸುಮ್ಮನಿರುತ್ತಿದ್ದೆ. ಇದಕ್ಕೆ ಬರೆಯಲೇಬೇಕು ಅನ್ನಿಸಿತು.

ನಮ್ಮ ಓಣಿಯಲ್ಲಿ ನಡೆದದ್ದು. ಊರ ಹೆಸರು ಬೇಡ. ಇಬ್ಬರು ಹುಡುಗರು ಮಾಳಿಗೆ ಮೇಲೆ ಆಡುತ್ತಿದ್ದರು. ದೊಡ್ಡವನು ಕಾಕಾನ ಏರ್ ಗನ್ ತಂದಿದ್ದ. ಸಣ್ಣವನ ಹಣೆಗೆ, ಹುಬ್ಬಿನ ಮೇಲ್ಗಡೆ ಗುಂಡು ಬಿತ್ತು. ಹೊರಗೆ ಕಂಡದ್ದು ಇಷ್ಟೇ: ಸೊಳ್ಳೆ ಕಚ್ಚಿದ ಜಾಗದಂಥ ಒಂದು ಚುಕ್ಕೆ, ಅದರ ಸುತ್ತ ನೀಲಿ ಬಳೆ, ಒಂದೆರಡು ಹನಿ ರಕ್ತ. ತಾಯಿ ಅರಿಶಿನ ಒತ್ತಿದರು. ಹುಡುಗ ಅತ್ತು, ಸುಮ್ಮನಾಗಿ, ಅವಲಕ್ಕಿ ತಿಂದ. ಗುಂಡು ತಾಗಿ ಎಲ್ಲೋ ಸಿಡಿದು ಬಿದ್ದಿರಬೇಕು ಅಂತ ಹುಡುಕಿದರು, ಸಿಗಲಿಲ್ಲ. ಯಾರಿಗೂ ಅದು ಒಳಗಿದೆ ಅಂತ ಹೊಳೆಯಲಿಲ್ಲ. ಸಂಜೆ ಎರಡು ಸಲ ವಾಂತಿ ಮಾಡಿದ, ತೂಕಡಿಸತೊಡಗಿದ. ಆಗ ದವಾಖಾನೆಗೆ ಓಡಿದರು. ಎಕ್ಸ್‌ರೇಯಲ್ಲಿ ಗುಂಡು ತಲೆಬುರುಡೆಯ ಒಳಗೆ ಬೆಳ್ಳಗೆ ಕಾಣುತ್ತಿತ್ತು. ಹುಡುಗ ಬದುಕಿದ. ಒಂದು ಕೈ ಮೊದಲಿನ ಹಾಗೆ ಇಲ್ಲ.

ಆ ತಾಯಿಯನ್ನು ದೂರುವವರು ಬಹಳ ಜನ ಇದ್ದರು. ನಾನು ಒಪ್ಪುವುದಿಲ್ಲ. ಚುಕ್ಕೆಯಷ್ಟು ಗಾಯ ನೋಡಿದರೆ ಯಾವ ತಾಯಿಗೆ ಅನುಮಾನ ಬರುತ್ತದೆ? ಮೊದಲೇ ಯಾರಾದರೂ ಹೇಳಿರಬೇಕಿತ್ತು.

ತುರ್ತು ಡ್ಯೂಟಿ (ಧಾರವಾಡ)

ಮಾಸ್ತರ್ ಬರೆದದ್ದು ಅಕ್ಷರಶಃ ಹೀಗೇ ನಡೆಯುತ್ತದೆ. ವೈದ್ಯನಾಗಿ ಒಂದಿಷ್ಟು ಸೇರಿಸುತ್ತೇನೆ.

ಸಣ್ಣ ಮಕ್ಕಳ ಕಪಾಲದ ಮೂಳೆ, ಅದರಲ್ಲೂ ಕಿವಿಯ ಮೇಲ್ಗಡೆ ಮತ್ತು ಕಣ್ಣಿನ ಗೂಡಿನ ಮೇಲ್ಛಾವಣಿ, ಬಹಳ ತೆಳು. ಎದೆಯ ಗೋಡೆಯೂ ತೆಳು. ದೊಡ್ಡವರಿಗೆ ಚರ್ಮದ ಕೆಳಗೆ ನಿಲ್ಲುವ ಗುಂಡು ಮಗುವಿನ ಪಕ್ಕೆಲುಬಿನ ಸಂದಿಯಿಂದ ಶ್ವಾಸಕೋಶಕ್ಕೆ, ಹೃದಯಕ್ಕೂ ಹೋಗಬಹುದು. ಏರ್ ಗನ್ ಗುಂಡಿಗೆ ಸತ್ತ ಮಕ್ಕಳಿದ್ದಾರೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ತಮ್ಮ ದೇಶದಲ್ಲಿ ಇಂಥ ಗನ್ನುಗಳಿಂದ ವರ್ಷಕ್ಕೆ ಸುಮಾರು 4 ಸಾವು ಅಂತ ಹೇಳುತ್ತದೆ, 16 ವರ್ಷದೊಳಗಿನವರಿಗೆ ವೇಗದ ಗನ್ ಕೊಡಬೇಡಿ ಅನ್ನುತ್ತದೆ. ಅಲ್ಲಿನ ಆಸ್ಪತ್ರೆಗಳ ಲೆಕ್ಕವನ್ನು 1990ರಿಂದ 2016ರವರೆಗೆ ಕೂಡಿಸಿ ನೋಡಿದ ಅಧ್ಯಯನ 2019ರಲ್ಲಿ ಬಂತು. ವರ್ಷಕ್ಕೆ ಸರಾಸರಿ 13 ಸಾವಿರಕ್ಕೂ ಜಾಸ್ತಿ ಮಕ್ಕಳು ತುರ್ತು ವಿಭಾಗಕ್ಕೆ ಬಂದಿದ್ದರು. ಒಟ್ಟು ಗಾಯದ ಪ್ರಮಾಣ ಆ ಅವಧಿಯಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದರೂ ಕಣ್ಣಿನ ಗಾಯ ಮಾತ್ರ ಏರಿತ್ತು.

ಏರ್ ಗನ್ ಗಾಯಕ್ಕೆ ಒಳಹೋದ ತೂತು ಇರುತ್ತದೆ, ಹೊರಬಂದ ತೂತು ಸಾಮಾನ್ಯವಾಗಿ ಇರುವುದಿಲ್ಲ. ಗುಂಡು ಎಲ್ಲೂ ಸಿಗಲಿಲ್ಲ ಅಂದರೆ ಅದು ಮಗುವಿನ ಮೈಯಲ್ಲೇ ಇದೆ ಅಂತ ತಿಳಿಯಬೇಕು. ಎಕ್ಸ್‌ರೇ ಆಗುವವರೆಗೆ ಅದನ್ನು ಸಣ್ಣ ಗಾಯ ಅನ್ನಬಾರದು. ಮನೆಯಲ್ಲಿ ಚಿಮಟ ಹಾಕಿ ತೆಗೆಯಲು ಹೋಗಬಾರದು.

ಬ್ಯಾಡಗಿ ರೈತ

ಸರ್, ನೀವು ಹೇಳಿದ್ದು ಓದಿದೆ. ಮಾಸ್ತರ್ ಹೇಳಿದ್ದೂ ಓದಿದೆ. ಮನಸ್ಸಿಗೆ ಹತ್ತಿತು. ಆದರೂ ಕೇಳುತ್ತೇನೆ. ಮಕ್ಕಳಿಗೆ ಸರಿಯಾಗಿ ಬುದ್ಧಿ ಹೇಳಿದರೆ ಸಾಕಲ್ಲವೇ? ಕುಡಗೋಲು, ಕೊಡಲಿ ಎಲ್ಲ ಮನೆಯಲ್ಲಿ ಇರುತ್ತವೆ. ಎಲ್ಲವನ್ನೂ ಬೀಗ ಹಾಕಿ ಇಡಲಿಕ್ಕೆ ಆಗುತ್ತದೆಯೇ?

ಸಪ್ತಾಪುರ ಶೂಟರ್

ಒಳ್ಳೆಯ ಪ್ರಶ್ನೆ ಅಣ್ಣಾರೇ. ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ, 2001ರಲ್ಲಿ ಪ್ರಕಟವಾದದ್ದು. 8ರಿಂದ 12 ವರ್ಷದ 64 ಹುಡುಗರನ್ನು ಇಬ್ಬರು ಮೂವರಂತೆ ಒಂದು ಕೋಣೆಯಲ್ಲಿ ಬಿಟ್ಟರು. ಒಂದು ಡ್ರಾಯರಿನಲ್ಲಿ ನೀರಿನ ಪಿಸ್ತೂಲು, ಇನ್ನೊಂದರಲ್ಲಿ ಗುಂಡಿಲ್ಲದ ನಿಜವಾದ ಪಿಸ್ತೂಲು. ಬಹುಪಾಲು ಗುಂಪುಗಳಿಗೆ ನಿಜವಾದದ್ದು ಸಿಕ್ಕಿತು. ಸಿಕ್ಕ ಗುಂಪುಗಳಲ್ಲಿ ಹೆಚ್ಚಿನವು ಅದನ್ನು ಕೈಗೆತ್ತಿಕೊಂಡವು, ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಯಾರಾದರೊಬ್ಬ ಟ್ರಿಗರ್ ಒತ್ತಿದ. ಹಾಗೆ ಮಾಡಿದ ಹುಡುಗರಲ್ಲಿ ಬಹುತೇಕ ಎಲ್ಲರಿಗೂ ಮನೆಯವರೋ ಶಾಲೆಯವರೋ ಮೊದಲೇ ಬುದ್ಧಿ ಹೇಳಿದ್ದರು. ಅದು ನಿಜವೋ ಆಟಿಕೆಯೋ ಅಂತ ಸುಮಾರು ಅರ್ಧ ಹುಡುಗರಿಗೆ ಗೊತ್ತೇ ಆಗಿರಲಿಲ್ಲ.

ಬುದ್ಧಿ ಹೇಳಬಾರದು ಅಂತಲ್ಲ, ಹೇಳಲೇಬೇಕು. ಆದರೆ ಕೊಡಲಿ ಕಂಡರೆ ಮಗುವಿಗೆ ಆಟ ಹೊಳೆಯುವುದಿಲ್ಲ. ಗನ್ ಕಂಡರೆ ಟಿವಿ, ಮೊಬೈಲ್ ಗೇಮ್ ಎಲ್ಲ ನೆನಪಾಗುತ್ತದೆ. ಗುರಿ ಇಡುವುದು ಗೆಳೆಯನ ಕಡೆಗೇ.

ನಮ್ಮ ರೇಂಜಿನಲ್ಲಿ ದೊಡ್ಡವರಿಗೂ ಬಿಡದ ನಿಯಮ ಹೇಳುತ್ತೇನೆ. ಪ್ರತಿ ಗನ್ನೂ ತುಂಬಿದೆ ಅಂತಲೇ ತಿಳಿಯಬೇಕು. ಮೂತಿ ಯಾರ ಕಡೆಗೂ ಹೋಗಕೂಡದು. ಹೊಡೆಯುವ ತನಕ ಬೆರಳು ಟ್ರಿಗರಿನ ಹೊರಗೆ. ಕಣ್ಣಿಗೆ ಕನ್ನಡಕ, ಯಾಕೆಂದರೆ ಉಕ್ಕಿನ ಗೋಲಿ ಕಲ್ಲಿಗೆ, ತಗಡಿಗೆ ತಾಗಿ ತಿರುಗಿ ಬರುತ್ತದೆ. ಹೊಡೆದು ಮುಗಿದ ಮೇಲೆ ನಳಿಗೆ ತೆರೆದು ಬೆಳಕಿಗೆ ಹಿಡಿದು ನೋಡಿಯೇ ಕೆಳಗಿಡುವುದು. ತೆರೆಯುವಾಗಲೂ ಎಚ್ಚರ ಬೇಕು. ಮಡಚಿದಾಗ ಟ್ರಿಗರ್ ತಾಗಿದರೆ ನಳಿಗೆ ರಪ್ಪನೆ ಮುಚ್ಚಿ ಬೆರಳು ಜಜ್ಜುತ್ತದೆ. ಇಷ್ಟೆಲ್ಲ ಮಾಡಲು ಆರು ವರ್ಷದ ಮಗುವಿಗೆ ಆಗುತ್ತದೆಯೇ ನೀವೇ ಹೇಳಿ.

ಕೋರ್ಟ್ ಸರ್ಕಲ್ (ಹುಬ್ಬಳ್ಳಿ)

ವಕೀಲನಾಗಿ ಎರಡು ಮಾತು. ಗನ್ನಿಗೆ ಲೈಸೆನ್ಸ್ ಬೇಡದಿದ್ದರೂ ಗಾಯವಾದರೆ ಕೇಸು ತಪ್ಪುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಅಜಾಗರೂಕತೆಯಿಂದ ಬೇರೆಯವರ ಜೀವಕ್ಕೆ ಅಪಾಯ ತರುವುದರ ಬಗ್ಗೆ ಇದೆ. ತೀವ್ರ ಗಾಯವಾದರೆ 3 ವರ್ಷದವರೆಗೆ ಜೈಲು. ಒಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋದರೂ ಅದು ಕಾನೂನಿನಲ್ಲಿ ತೀವ್ರ ಗಾಯವೇ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ ಅಂತ ಹೆದರಿ "ಬಿದ್ದು ಪೆಟ್ಟಾಯಿತು" ಅಂತ ಸುಳ್ಳು ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸುಳ್ಳು ಹೇಳಿದರೆ ಡಾಕ್ಟರ್ ಗುಂಡು ಹುಡುಕುವುದೇ ಇಲ್ಲ, ಮಗುವಿನ ಚಿಕಿತ್ಸೆ ತಪ್ಪುತ್ತದೆ.

ನವಿಲು, ಚಿಗರಿಗೆ ಹೊಡೆಯುವುದಂತೂ 1972ರ ವನ್ಯಜೀವಿ ಕಾಯ್ದೆಯಲ್ಲಿ ದೊಡ್ಡ ಅಪರಾಧ. ಬೆಳೆಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ.

ಬ್ಯಾಡಗಿ ರೈತ

ಅರ್ಜಿ ಕೊಟ್ಟವರ ಕಥೆ ಬೇರೆಯೇ ಇದೆ ವಕೀಲರೇ, ಅದು ಇನ್ನೊಮ್ಮೆ. ನವಿಲಿಗೆ ನಾವು ಹೊಡೆಯುವುದಿಲ್ಲ.

ನಾನು ಮಾಡಿದ್ದು ಹೇಳುತ್ತೇನೆ. ಇವತ್ತು ಗನ್ ಒಳಕೋಣೆಯ ಕಬ್ಬಿಣದ ಪೆಟ್ಟಿಗೆಗೆ ಹೋಯಿತು, ಬೀಗ ಹಾಕಿದೆ. ಗುಂಡಿನ ಡಬ್ಬಿ ದೇವರ ಕೋಣೆಯ ಮೇಲಿನ ಹಲಗೆಗೆ. ಪೆಟ್ಟಿಗೆಯ ಎರಡೂ ಕೀಲಿ ನನ್ನ ಉಡದಾರದಲ್ಲಿ. ಹೊಲದಿಂದ ಬರುವಾಗ ಮಡಚಿ ನೋಡಿ, ಖಾಲಿ ಮಾಡಿಯೇ ಮನೆಗೆ ತರುವುದು ಅಂತ ಮಗನಿಗೂ ಹೇಳಿದ್ದೇನೆ. ಬೀಗ ಇದ್ದರೆ ಮಂಗ ಬಂದಾಗ ತಡವಾಗುತ್ತದೆ ಅನ್ನುವುದು ನಿಜ. ಅದಕ್ಕೆ ತಗಡಿನ ಡಬ್ಬಿ ಬಡಿಯುವುದು, ನಾಯಿ ಬಿಡುವುದು ಇದ್ದೇ ಇದೆ. ನಮ್ಮ ಅಪ್ಪ ಅಷ್ಟರಲ್ಲೇ ಬೆಳೆ ತೆಗೆದವರು.

ಬೆಟಗೇರಿ ಅಕ್ಕ

ಎಲ್ಲರಿಗೂ ಧನ್ಯವಾದ. ಭಾನುವಾರ ತವರಿಗೆ ಹೋಗಿ ಎಲ್ಲವನ್ನೂ ಓದಿದೆ. ಅಣ್ಣ ಡಾಕ್ಟರ್ ಬರೆದದ್ದಕ್ಕೆ "ಅದು ಅಮೆರಿಕ" ಅಂದರು. ಮಾಸ್ತರ್ ಬರೆದದ್ದು ಓದಿದಾಗ ಮಾತಾಡಲಿಲ್ಲ. ಬ್ಯಾಡಗಿ ಅಣ್ಣಾರು ಪೆಟ್ಟಿಗೆಗೆ ಹಾಕಿದ್ದು ಕೇಳಿ "ರೈತರೇ ಹೇಳಿದ್ದಾರಾ?" ಅಂತ ಮತ್ತೊಮ್ಮೆ ಓದಿಸಿದರು. ಪೂರ್ತಿ ಒಪ್ಪಿಲ್ಲ. ಸೂಟಿ ಮುಗಿಯುವ ತನಕ ಗನ್ ನಮ್ಮ ಕಾಕಾನ ಮನೆಯಲ್ಲಿ ಇರಲಿ ಅಂದಿದ್ದಾರೆ. ಅಲ್ಲಿ ಮಕ್ಕಳಿಲ್ಲ. ಜೂನ್ ಆದ ಮೇಲೆ ಮತ್ತೆ ಜಗಳ ತೆಗೆಯುವುದು ನನಗೆ ಬಿಟ್ಟಿದ್ದು.

ಅತ್ತಿಗೆ ಒಂದು ಪ್ರಶ್ನೆ ಕೇಳಿದ್ದಾರೆ. ನಮ್ಮ ಮನೆಯಲ್ಲಿ ಇಲ್ಲದಿದ್ದರೂ ಓಣಿಯಲ್ಲಿ ಬೇರೆ ಮನೆಗಳಲ್ಲಿ ಇದೆ. ಅಕಸ್ಮಾತ್ ಆಗಿಬಿಟ್ಟರೆ ಆ ಕ್ಷಣಕ್ಕೆ ಏನು ಮಾಡಬೇಕು? ಕಣ್ಣಿಗೆ ನೀರು ಹಾಕಬೇಕಾ?

ಉಣಕಲ್ ಸಿಸ್ಟರ್

ನೀರು ಹಾಕಬೇಡಿ ಅಕ್ಕಾ. ಒರೆಸಬೇಡಿ, ಒತ್ತಬೇಡಿ, ಎದೆಹಾಲು, ಜೇನುತುಪ್ಪ, ಮನೆಯಲ್ಲಿ ಉಳಿದ ಯಾವ ಡ್ರಾಪ್ಸೂ ಬೇಡ. ರೆಪ್ಪೆ ಬಿಡಿಸಿ ನೋಡಲು ಹೋಗಬೇಡಿ. ಒಡೆದ ಗುಡ್ಡೆಯನ್ನು ಒತ್ತಿದರೆ ಒಳಗಿನದು ಹೊರಗೆ ಬರುತ್ತದೆ. ಕಾಗದದ ಚಹಾ ಕಪ್ಪಿನ ಕೆಳಭಾಗ ಕತ್ತರಿಸಿ, ಅದರ ಅಂಚು ಹುಬ್ಬು ಮತ್ತು ಕೆನ್ನೆಯ ಮೂಳೆಯ ಮೇಲೆ ಕೂರುವಂತೆ ಇಟ್ಟು ಟೇಪ್ ಹಚ್ಚಿ. ಕಣ್ಣಿಗೆ ಏನೂ ತಾಗಬಾರದು. ಮಗುವನ್ನು ಕೂತಂತೆ, ತಲೆ ಎತ್ತಿದಂತೆ ಕರೆದುಕೊಂಡು ಬನ್ನಿ.

ತಿನ್ನಲು ಕುಡಿಯಲು ಕೊಡಬೇಡಿ. ಸಮಾಧಾನಕ್ಕೆ ಬಿಸ್ಕತ್ತು ಕೊಟ್ಟುಬಿಡುತ್ತಾರೆ, ಆಮೇಲೆ ಅರಿವಳಿಕೆ ಕೊಡಲು ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ನೋವಿಗೆ ಆಸ್ಪಿರಿನ್ ಬೇಡ, ರಕ್ತ ಸೋರುವುದು ಜಾಸ್ತಿ ಆಗುತ್ತದೆ.

ತುರ್ತು ಡ್ಯೂಟಿ (ಧಾರವಾಡ)

ತಲೆ, ಕುತ್ತಿಗೆ, ಎದೆ, ಹೊಟ್ಟೆ ಎಲ್ಲಿ ಬಿದ್ದರೂ ಮಗು ಆಡುತ್ತಿದ್ದರೂ ನಗುತ್ತಿದ್ದರೂ ಅದೇ ಗಳಿಗೆ 108ಕ್ಕೆ ಫೋನ್ ಮಾಡಿ. ನಿಮ್ಮ ಕಡೆಯಿಂದ ಗದಗಿನ ಜಿಮ್ಸ್ ಆಸ್ಪತ್ರೆ, ಇಲ್ಲವೇ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿ-ಆರ್‌ಐ). ಹಾವೇರಿ ಕಡೆಯವರು ಮೊದಲು ಜಿಲ್ಲಾ ಆಸ್ಪತ್ರೆಗೆ. ರಕ್ತ ಬರುತ್ತಿದ್ದರೆ ಸ್ವಚ್ಛ ಬಟ್ಟೆ ಒತ್ತಿ ಹಿಡಿಯಿರಿ, ಕಣ್ಣೊಂದನ್ನು ಬಿಟ್ಟು. ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿತ್ತು ಅಂತ ತಾಯಿ ಕಾರ್ಡ್ ಜೊತೆಗಿರಲಿ.

ಮತ್ತೆ ಆ ಡಬ್ಬಿಯಿಂದ ಅದೇ ಥರದ ಒಂದು ಗುಂಡನ್ನು ತನ್ನಿ. ಸೀಸದ್ದೋ ಉಕ್ಕಿನದ್ದೋ ಅಂತ ನಮಗೆ ಗೊತ್ತಾಗಬೇಕು. ಉಕ್ಕಿನದು ಒಳಗಿದ್ದರೆ ಎಂಆರ್‌ಐ ಮಾಡಿಸುವ ಹಾಗಿಲ್ಲ, ಯಂತ್ರದ ಅಯಸ್ಕಾಂತ ಅದನ್ನು ಎಳೆಯುತ್ತದೆ. ಸೀಸದ್ದು ಕೀಲಿನೊಳಗೆ ಸಿಕ್ಕಿಕೊಂಡರೆ ನಿಧಾನಕ್ಕೆ ಕರಗಿ ರಕ್ತಕ್ಕೆ ಸೇರುತ್ತದೆ, ಅದನ್ನು ತೆಗೆಯಲೇಬೇಕಾಗುತ್ತದೆ.